ಜಟಿಂಗ ರಾಮೇಶ್ವರದಲ್ಲಿ ಕೇಳಿದ ಗಿಟಾರು

ನಮ್ಮ ಮೊಳಕಾಲ್ಮೂರು ಸೀಮೆಯವರಿಗೆ ಜಟಿಂಗ ರಾಮೇಶ್ವರನ ಬೆಟ್ಟವನ್ನು ವರ್ಣಿಸಿ ಹೇಳಬೇಕಾದುದೇನೂ ಇಲ್ಲ. ಬಂಡೆಯ ಮೇಲೆ ಬಂಡೆಯನ್ನು ಯಾರೋ ಪೇರಿಸಿಟ್ಟು, ಆಮೇಲೆ ಬೇಸರ ಬಂದು ಹಾಗೆಯೇ ಬಿಟ್ಟುಹೋದಂತೆ ಅದು ನಿಂತಿದೆ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ತಡೆದು ಜಟಾಯು ರೆಕ್ಕೆ ಕಡಿಸಿಕೊಂಡು ಬಿದ್ದ ಸ್ಥಳ ಇದೇ ಎಂಬುದು ನಮ್ಮವರ ನಂಬಿಕೆ. ಲೇಪಾಕ್ಷಿಯವರು ತಮ್ಮ ಊರಿಗೂ ಇದೇ ಕೀರ್ತಿಯನ್ನು ಹೇಳಿಕೊಳ್ಳುತ್ತಾರೆ. ನಾವು ಅವರೊಡನೆ ಜಗಳಕ್ಕೆ ಹೋಗುವುದಿಲ್ಲ. ಅಷ್ಟು ದೊಡ್ಡ ಪಕ್ಷಿ ಬಿದ್ದ ಮೇಲೆ ಒಂದೆರಡು ಊರಿನ ಮೇಲಾದರೂ ಬಿದ್ದಿರಬೇಕಲ್ಲವೆ?

ಅಂಥ ಬೆಟ್ಟಕ್ಕೆ ಹೋದ ಮಾಗಿಯಲ್ಲಿ ಒಂದು ದಿನ ನಾನೊಬ್ಬನೇ ಹೋಗಿದ್ದೆನು. ಹರಕೆಯೂ ಇರಲಿಲ್ಲ, ಶಾಸನಗಳನ್ನು ಶೋಧಿಸುವ ಉತ್ಸಾಹವೂ ಇರಲಿಲ್ಲ. ವೈದ್ಯರು ಮೆಟ್ಟಿಲು ಹತ್ತಬಾರದೆಂದು ಹೇಳುವ ವಯಸ್ಸು ನನಗೆ ಬಂದಿದೆ. ಅವರು ಹೇಳುವುದಕ್ಕೆ ಮುಂಚೆ ಒಮ್ಮೆ ಹತ್ತಿಬಿಡೋಣವೆಂದು ಹೊರಟೆನು. ಅರ್ಧ ದಾರಿಯಲ್ಲಿ ಏದುಸಿರು ಬಂದು ಒಂದು ಗುಂಡಿನ ನೆರಳಿನಲ್ಲಿ ಕುಳಿತೆ. ಮೇಲಿನಿಂದ ಇಳಿಯುತ್ತಿದ್ದ ಮೂವರು ಹುಡುಗರು, ಕಾಲೇಜಿನಲ್ಲಿ ಓದುವವರಂತೆ ತೋರಿತು, ಅವರೂ ಅಲ್ಲಿಯೇ ಕುಳಿತು ಮೊಬೈಲಿನಲ್ಲಿ ಒಂದು ಹಾಡನ್ನು ಹಾಕಿದರು. ‘ಪಲ್ಲವಿ ಅನುಪಲ್ಲವಿ’ ಚಿತ್ರದ ಹಾಡು. ೧೯೮೩ರಲ್ಲಿ ಬಂದ ಚಿತ್ರವದು. ಆ ಹುಡುಗರು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲಿನದು. ಅದರಲ್ಲಿ ಗಿಟಾರಿನ ನಾದ ಗಾಯಕರ ಕೈ ಹಿಡಿದುಕೊಂಡೇ ನಡೆಯುತ್ತದೆ. ಒಣ ಬಂಡೆಗಳ ನಡುವೆ ಆ ತಂತಿಯ ದನಿ ತೆಳ್ಳಗೆ ಹರಿದು ಬಂದಾಗ ನನಗೆ ದಣಿವು ಮರೆತುಹೋಯಿತು. ಬೇರೊಂದು ನೋವು ನೆನಪಾಯಿತು.

“ಸೌಂಡು ಜಾಸ್ತಿ ಆಯ್ತಾ, ತಾತ?” ಎಂದು ಒಬ್ಬ ಹುಡುಗ ಕೇಳಿದನು.

“ಇಲ್ಲಪ್ಪ, ಇರಲಿ. ಈ ಹಾಡು ಯಾರದು, ಗೊತ್ತೋ?”

“ಗೊತ್ತಿಲ್ದೆ ಏನು, ತಾತ? ಇಳಯರಾಜಾದು.”

“ಈ ಗಿಟಾರು ನುಡಿಸಿದವರು?”

ಹುಡುಗರು ಒಬ್ಬರ ಮುಖವನ್ನು ಒಬ್ಬರು ನೋಡಿಕೊಂಡರು. “ಅದೂ ಅವರೇ ಅಲ್ವಾ?” ಎಂದನು ಇನ್ನೊಬ್ಬ.

ನಾನು ನಕ್ಕೆ. ಹಾಡಿಗೆ ಯಾರ ಹೆಸರು ಮುದ್ರಿತವಾಗಿದೆಯೋ ಅವರೇ ಕುಳಿತು ಎಲ್ಲ ವಾದ್ಯಗಳನ್ನೂ ನುಡಿಸುತ್ತಾರೆಂಬುದು ಲೋಕದ ತಿಳಿವಳಿಕೆ. ಒಂದು ಕಾಲಕ್ಕೆ ನನ್ನ ತಿಳಿವಳಿಕೆಯೂ ಅಷ್ಟೇ ಇತ್ತು. ಮನೆಯಲ್ಲಿಯೇ ಒಬ್ಬ ಗಿಟಾರುವಾದಕರಿದ್ದೂ ನನಗೆ ಅದಕ್ಕಿಂತ ಹೆಚ್ಚು ತಿಳಿಯಲಿಲ್ಲವೆಂಬುದನ್ನು ಈಗ ಹೇಳಿಕೊಳ್ಳುವುದು ಸುಲಭವಲ್ಲ.

ಅವರು ನನ್ನ ತಾಯಿಯ ತಮ್ಮ. ಓದುವುದಕ್ಕೆಂದು ಬೆಂಗಳೂರಿಗೆ ಹೋದವರು ದಂಡಿನ ಪ್ರದೇಶದಲ್ಲಿ ನೃತ್ಯದ ಬ್ಯಾಂಡಿನವರ ಸಹವಾಸಕ್ಕೆ ಬಿದ್ದು, ಒಬ್ಬ ಆಂಗ್ಲೋ ಇಂಡಿಯನ್ ಮಹಾಶಯರಿಂದ ಗಿಟಾರು ಕಲಿತು, ಪರೀಕ್ಷೆಗೆ ಕೂರದೆ ಮದರಾಸಿಗೆ ಹೊರಟುಹೋದರು. ನಮ್ಮ ಮನೆಯಲ್ಲಿ ಸಂಗೀತವೆಂದರೆ ಭಜನೆ, ಹರಿಕಥೆ, ಮದುವೆಯ ಓಲಗ. ಯುಗಾದಿಗೆ ಅವರು ಕರಿಯ ಪೆಟ್ಟಿಗೆಯನ್ನು ಹೊತ್ತುಕೊಂಡು ಬಂದರೆ, ಅಜ್ಜಿ ಅದನ್ನು ದೇವರ ಕೋಣೆಗೆ ದೂರವಾಗಿ ಇಡಿಸುತ್ತಿದ್ದರು. “ಕಿರಿಸ್ತಾನರ ತಂಬೂರಿ” ಎಂಬುದು ಅಜ್ಜಿ ಅದಕ್ಕೆ ಇಟ್ಟಿದ್ದ ಹೆಸರು. ಮಾವನಿಗೆ ಅದರಿಂದ ಕೋಪ ಬಂದುದನ್ನು ನಾನು ಕಾಣೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಜಗಲಿಯಲ್ಲಿ ಕುಳಿತು, ತಂತಿಯನ್ನು ಬೆರಳ ತುದಿಯಿಂದ ಮುಟ್ಟಿಯೂ ಮುಟ್ಟದಂತೆ ನುಡಿಸುತ್ತಿದ್ದರು. ಅವರ ಎಡಗೈಯ ನಾಲ್ಕು ಬೆರಳ ತುದಿಗಳು ನೇಗಿಲು ಹಿಡಿಯುವವನ ಅಂಗೈಯಂತೆ ಗಟ್ಟಿಯಾಗಿದ್ದುವು.

ನಾನು ಆಗ ಹುಡುಗ. ವೀಣೆಗೂ ಇದಕ್ಕೂ ಏನು ಭೇದವೆಂದು ಕೇಳಿದೆ. “ವೀಣೆ ಒಂದು ಸ್ವರದಿಂದ ಇನ್ನೊಂದಕ್ಕೆ ನಡೆದು ಹೋಗುತ್ತದೆ. ಇದು ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಕರೆದುಕೊಂಡು ಹೋಗುತ್ತದೆ. ಅವು ತಮ್ಮೊಳಗೆ ಜಗಳವಾಡದಂತೆ ನೋಡಿಕೊಳ್ಳುವುದೇ ಕೆಲಸ” ಎಂದರು. ಜಾಸ್ ಎಂದರೆ ಏನೆಂದು ಕೇಳಿದೆ. “ನಿಮ್ಮ ವಿದ್ವಾಂಸರು ಕೀರ್ತನೆಯನ್ನು ಮುಗಿಸಿ ಕಲ್ಪನಾಸ್ವರ ಹಾಕುತ್ತಾರಲ್ಲ, ಅದೇ. ಕೀರ್ತನೆ ಬೇರೆ, ತಾಳ ಬೇರೆ, ಧೈರ್ಯ ಒಂದೇ” ಎಂದರು. ಆಮೇಲೆ ನಾನು ಆ ವಿಷಯವಾಗಿ ಓದಿದ ಯಾವ ಗ್ರಂಥವೂ ಇದಕ್ಕಿಂತ ಚೆನ್ನಾಗಿ ಹೇಳಿಲ್ಲ.

ಆ ಓದಿನಿಂದ ತಿಳಿದ ಒಂದೆರಡು ಸಂಗತಿಗಳನ್ನು ಇಲ್ಲಿ ಹೇಳಿದರೆ ವಾಚಕರಿಗೆ ಬೇಸರವಾಗದೆಂದು ನಂಬಿದ್ದೇನೆ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಕರಿಯ ಜನರ ನಡುವೆ ಹುಟ್ಟಿದ ಜಾಸ್ ಸಂಗೀತದಲ್ಲಿ ಗಿಟಾರಿಗೆ ಬಹುಕಾಲ ಹಿಂದಿನ ಸಾಲಿನ ಪೀಠವೇ ಗತಿಯಾಗಿತ್ತು. ಕಹಳೆಗಳು ಮೊಳಗುವಾಗ ಅದರ ದನಿ ಕೇಳುತ್ತಲೇ ಇರಲಿಲ್ಲ; ತಾಳವನ್ನು ಒತ್ತಿಕೊಡುವುದಷ್ಟೇ ಅದರ ಪಾಲು. ವಿದ್ಯುಚ್ಛಕ್ತಿಯಿಂದ ನಾದವನ್ನು ಹಿಗ್ಗಿಸುವ ಗಿಟಾರು ಬಂದ ಮೇಲೆ, ೧೯೩೯ರಲ್ಲಿ ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣನು ಬೆನ್ನಿ ಗುಡ್‌ಮನ್ನನ ಮೇಳವನ್ನು ಸೇರಿ, ಕಹಳೆಯವರಿಗೆ ಸಮನಾಗಿ ಅದನ್ನು ನುಡಿಸಿದನು. ೧೯೪೨ರಲ್ಲಿ ಆತನು ತೀರಿಹೋದನು. ಇಪ್ಪತ್ತೈದು ವರ್ಷದ ಪ್ರಾಯ. ಅಷ್ಟು ಅಲ್ಪಕಾಲದಲ್ಲಿ ಒಂದು ವಾದ್ಯವನ್ನು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ತಂದು ಕೂರಿಸಿದನು.

ಅದೇ ಕಾಲಕ್ಕೆ ಮುಂಬಯಿಯ ತಾಜಮಹಲ್ ಹೋಟೆಲಿನಲ್ಲಿ ಟೆಡ್ಡಿ ವೆದರ್‌ಫರ್ಡ್ ಎಂಬ ಅಮೆರಿಕದ ಪಿಯಾನೋ ವಾದಕನ ಮೇಳ ಪ್ರಸಿದ್ಧವಾಗಿತ್ತು. ಅಂಥ ಮೇಳಗಳಲ್ಲಿ ನುಡಿಸುತ್ತಿದ್ದ ಗೋವೆಯ ವಾದಕರು ಇಗರ್ಜಿಯ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿಯನ್ನು ಕಲಿತವರು. ದೊರೆಗಳು ಹಡಗು ಹತ್ತಿದ ಮೇಲೆ ಹೋಟೆಲಿನ ನೃತ್ಯಗಳು ಇಳಿಮುಖವಾದುವು; ಈ ವಾದಕರಲ್ಲಿ ಅನೇಕರು ಚಲಚ್ಚಿತ್ರಗಳ ವಾದ್ಯವೃಂದವನ್ನು ಸೇರಿದರು. ಕಹಳೆಯಲ್ಲಿ ಹೆಸರಾದ ಚಿಕ್ ಚಾಕೊಲೇಟ್, ವಾದ್ಯಗಳಿಗೆ ಮೇಳವನ್ನು ಬರೆದುಕೊಡುತ್ತಿದ್ದ ಸೆಬಾಸ್ಟಿಯನ್ ಡಿಸೋಜ, ಆಂಟನಿ ಗೊನ್ಸಾಲ್ವೆಸ್ ಮೊದಲಾದವರು ಅಂಥವರು. ಹಿಂದೂಸ್ಥಾನದ ಹಾಡುಗಳಲ್ಲಿ ನಾವು ಕೇಳಿ ತಲೆದೂಗುವ ಎಷ್ಟೋ ಸೊಬಗು ಇವರ ಕೈಯದು. ಮದರಾಸಿನ ಸ್ಟುಡಿಯೋಗಳಲ್ಲಿಯೂ ಬೇರೆ ಬೇರೆ ಊರುಗಳ, ಬೇರೆ ಬೇರೆ ಮತಗಳ ಇಂಥ ವಾದಕರು ಸೇರಿದ್ದರು. ಆಗ ಕನ್ನಡದ ಚಿತ್ರಗಳೂ ಅಲ್ಲಿಯೇ ತಯಾರಾಗುತ್ತಿದ್ದುವಷ್ಟೆ. ನನ್ನ ಮಾವ ಆ ಗುಂಪಿನಲ್ಲಿ ಒಬ್ಬರು.

ಆ ವೃತ್ತಿಯ ಕಷ್ಟವನ್ನು ಹೊರಗಿನವರು ಊಹಿಸಲಾರರು. ಈಗಿನಂತೆ ಒಬ್ಬೊಬ್ಬರು ಒಂದೊಂದು ದಿನ ಬಂದು ತಮ್ಮ ಭಾಗವನ್ನು ನುಡಿಸಿ ಹೋಗುವ ಅನುಕೂಲ ಆಗ ಇರಲಿಲ್ಲ. ಗಾಯಕರು, ಪಿಟೀಲಿನವರು, ತಬಲದವರು, ಕೊಳಲಿನವರು ಎಲ್ಲರೂ ಒಂದೇ ಸಭಾಂಗಣದಲ್ಲಿ ಕುಳಿತು, ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಹಾಡನ್ನು ಮುಗಿಸಬೇಕು. ಕಡೆಯ ಸಾಲಿನಲ್ಲಿ ಒಬ್ಬನ ಬೆರಳು ಜಾರಿದರೆ ಮತ್ತೆ ಮೊದಲಿನಿಂದ. ಸ್ವರಲಿಪಿಯ ಹಾಳೆ ಕೈಗೆ ಬರುವುದು ನುಡಿಸುವ ಹೊತ್ತಿಗೇ. ಬೆಳಿಗ್ಗೆ ಭಕ್ತಿಗೀತೆಗೆ ಸ್ವರಮೇಳ ಕೊಡಬೇಕು, ಮಧ್ಯಾಹ್ನ ಹೋಟೆಲಿನ ಕುಣಿತಕ್ಕೆ ಜಾಸ್ ನುಡಿಸಬೇಕು, ಸಂಜೆ ಜಾನಪದದ ಧಾಟಿಗೆ ಏಕತಾರಿಯಂತೆ ಒಂದೇ ತಂತಿಯನ್ನು ಮೀಟಬೇಕು. ಡೊರೈ ಭಗವಾನ್ ಜೋಡಿ ೧೯೬೮ರಲ್ಲಿ ‘ಜೇಡರ ಬಲೆ’ಯಿಂದ ಗೂಢಚಾರನ ಕಥೆಗಳನ್ನು ಕನ್ನಡಕ್ಕೆ ತಂದ ಮೇಲಂತೂ ಗಿಟಾರಿನವರಿಗೆ ಕೈತುಂಬ ಕೆಲಸವಾಯಿತು. ಯಾವ ಧಾಟಿಯನ್ನೂ ನನ್ನದಲ್ಲವೆನ್ನಲಾಗದು. ನುಡಿಸಿದ ಯಾವುದನ್ನೂ ನನ್ನದು ಎನ್ನಲೂ ಆಗದು.

ಆ ‘ಜೇಡರ ಬಲೆ’ಗೂ, ‘ಕಸ್ತೂರಿ ನಿವಾಸ’ಕ್ಕೂ, ‘ಬಂಗಾರದ ಮನುಷ್ಯ’ಕ್ಕೂ ಸಂಗೀತವನ್ನು ಕೂಡಿಸಿದವರು ಜಿ. ಕೆ. ವೆಂಕಟೇಶ್ ಅವರು. ಹೈದರಾಬಾದಿನಲ್ಲಿ ಹುಟ್ಟಿ, ವೀಣೆಯನ್ನು ಬಲ್ಲವರಾಗಿ, ತಾವೇ ಗಾಯಕರಾಗಿ ಕನ್ನಡದ ಚಿತ್ರಸಂಗೀತಕ್ಕೆ ಒಂದು ಕಾಲವನ್ನು ಕಟ್ಟಿಕೊಟ್ಟವರು. ೧೯೭೪ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ಎಮ್ಮೆಯ ಮೇಲೆ ಕುಳಿತ ರಾಜಕುಮಾರರಿಂದ ಹಾಡಿಸಿ, ಅವರ ಕಂಠದ ಬೆಲೆಯನ್ನು ನಾಡಿಗೆ ತಿಳಿಸಿಕೊಟ್ಟವರೂ ಇವರೇ. ಇವರ ಬಳಿಯಲ್ಲಿ ರಾಜಾ ಎಂಬ ತರುಣನೊಬ್ಬನು ಸಹಾಯಕನಾಗಿ ಇದ್ದನು.

ಮಧುರೆಯ ಸೀಮೆಯ ಪಣ್ಣೈಪುರವೆಂಬ ಹಳ್ಳಿಯಲ್ಲಿ ೧೯೪೩ರಲ್ಲಿ ಹುಟ್ಟಿದವನು. ಮನೆಯವರು ಇಟ್ಟ ಹೆಸರು ಜ್ಞಾನದೇಶಿಕನ್. ಹದಿನಾಲ್ಕನೆಯ ವಯಸ್ಸಿಗೆ ಅಣ್ಣ ಪಾವಲರ್ ವರದರಾಜನ್ ಅವರ ಸಂಗೀತ ತಂಡವನ್ನು ಸೇರಿ, ಸುಮಾರು ಹತ್ತು ವರ್ಷ ದಕ್ಷಿಣ ದೇಶದ ಊರೂರುಗಳಲ್ಲಿ ನುಡಿಸಿ, ೧೯೬೮ರ ವೇಳೆಗೆ ಮದರಾಸಿನಲ್ಲಿ ಧನರಾಜ್ ಮಾಸ್ತರರ ಶಿಷ್ಯನಾದನು. ಆ ಗುರುವಿನ ಬಳಿ ಪಾಶ್ಚಾತ್ಯ ಸಂಗೀತದ ಲಿಪಿ, ಸ್ವರಮೇಳ, ಒಂದು ರಾಗಕ್ಕೆ ಎದುರಾಗಿ ಇನ್ನೊಂದು ರಾಗವನ್ನು ನಡೆಸುವ ವಿದ್ಯೆ ಇವೆಲ್ಲವೂ ದೊರೆತುವು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗಿಟಾರಿನ ಪರೀಕ್ಷೆಯಲ್ಲಿ ಚಿನ್ನದ ಪದಕವೂ ದೊರೆಯಿತು. ಪದಕವಿದ್ದರೂ ಹೊಟ್ಟೆ ತುಂಬಬೇಕಲ್ಲ. ಕೂಲಿಯ ಮೇಲೆ ಗಿಟಾರು ನುಡಿಸಿದನು. ಬಂಗಾಳದ ಸಲಿಲ್ ಚೌಧುರಿಯವರಂಥ ದೊಡ್ಡವರ ವೃಂದದಲ್ಲಿಯೂ ನುಡಿಸಿದನು. ವೆಂಕಟೇಶರ ಬಳಿ ಅವನ ಕೆಲಸ ನುಡಿಸುವುದಷ್ಟೇ ಆಗಿರಲಿಲ್ಲ. ಗುರುಗಳು ಹಾಡಿನ ರೂಪವನ್ನು ಹೇಳಿದರೆ, ಯಾವ ವಾದ್ಯ ಎಲ್ಲಿ ಏನನ್ನು ನುಡಿಸಬೇಕೆಂದು ಬರೆದು ಹಂಚುವುದು ಇವನ ಪಾಲಿಗೆ ಬಂತು. ಹೀಗೆ ಅವನ ಕೈ ಸೋಕಿದ ಚಿತ್ರಗಳು ಸುಮಾರು ೨೦೦ ಎಂದು ಲೆಕ್ಕ ಹೇಳುವುದುಂಟು. ಅವುಗಳಲ್ಲಿ ಹೆಚ್ಚಿನವು ಕನ್ನಡದವು. ಅವುಗಳ ಯಾವ ಫಲಕದ ಮೇಲೆಯೂ ಸಂಗೀತ ನಿರ್ದೇಶಕನ ಸ್ಥಾನದಲ್ಲಿ ಅವನ ಹೆಸರಿಲ್ಲ. ಅಂದರೆ, ನಮ್ಮ ತಂದೆತಾಯಿಗಳು ಅವನ ಹೆಸರನ್ನು ಕೇಳುವ ಮೊದಲೇ ಅವನ ಸಂಗೀತವನ್ನು ಕೇಳಿದ್ದರು.

ಆ ದಿನಗಳ ಒಂದು ಸಂಗತಿ ಪ್ರಸಿದ್ಧವಾಗಿದೆ. ವಾದ್ಯದವರಿಗೆ ನಡುವೆ ಸ್ವಲ್ಪ ವಿರಾಮ ದೊರೆತಾಗ ಈ ತರುಣನು ತಾನು ಬರೆದ ಸ್ವಂತ ರಚನೆಯ ಹಾಳೆಗಳನ್ನು ಅವರ ಮುಂದೆ ಹಿಡಿದು, ಒಮ್ಮೆ ನುಡಿಸಿಕೊಡಿರೆಂದು ಬೇಡುತ್ತಿದ್ದನಂತೆ. ಚಹ ಕುಡಿಯುವ ಹೊತ್ತನ್ನು ಬಿಟ್ಟು ಅವರು ನುಡಿಸಿಕೊಡುತ್ತಿದ್ದರಂತೆ. ನನಗೆ ಈ ಚಿತ್ರ ಮನಸ್ಸಿನಿಂದ ಹೋಗುವುದಿಲ್ಲ. ತನ್ನ ಹೆಸರಿಲ್ಲದ ಒಬ್ಬ ವಾದಕನು ಹೆಸರಿಲ್ಲದ ಇತರ ವಾದಕರನ್ನು ಬೇಡುವುದು; ಅವರು ಕೂಲಿಯಿಲ್ಲದೆ, ಚಿತ್ರವಿಲ್ಲದೆ, ಕೇಳುವವರಿಲ್ಲದೆ ಅವನ ಸಂಗೀತವನ್ನು ಅವನಿಗೇ ಕೇಳಿಸುವುದು. ಮಾವನಿಗೂ ಈ ಸಂಗತಿ ಗೊತ್ತಿತ್ತು. “ಹಾಳೆಯ ಮೇಲೆ ಬರೆದದ್ದು ಸಂಗೀತವಲ್ಲ. ಯಾರಾದರೂ ನುಡಿಸಿದರೆ ಸಂಗೀತ” ಎಂದು ಅವರು ಒಮ್ಮೆ ಹೇಳಿದ್ದರು. ಅದರಾಚೆ ಬೆಳೆಸಲಿಲ್ಲ.

೧೯೭೬ರಲ್ಲಿ ‘ಅನ್ನಕ್ಕಿಳಿ’ ಎಂಬ ತಮಿಳು ಚಿತ್ರ ಬಂತು. ಪಂಚು ಅರುಣಾಚಲಂ ಅವರು ರಾಜಾ ಎಂಬ ಹೆಸರಿಗೆ ‘ಇಳಯ’ ಎಂಬುದನ್ನು ಸೇರಿಸಿದರು. ಚಿಕ್ಕ ರಾಜನೆಂದು ಅರ್ಥ. ಮುಂದಿನದು ಎಲ್ಲರಿಗೂ ತಿಳಿದುದೇ. ಕನ್ನಡಕ್ಕೂ ಅವರು ಸ್ವಂತ ಹೆಸರಿನಿಂದಲೇ ಹಿಂದಿರುಗಿದರು: ‘ಮಾತು ತಪ್ಪದ ಮಗ’, ‘ಜನ್ಮ ಜನ್ಮದ ಅನುಬಂಧ’, ೧೯೮೧ರ ‘ಗೀತಾ’, ಮಣಿರತ್ನಂ ಅವರ ಮೊದಲ ಚಿತ್ರವಾದ ‘ಪಲ್ಲವಿ ಅನುಪಲ್ಲವಿ’. ೨೦೧೮ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂತು. ೨೦೨೫ರ ಮಾರ್ಚಿಯಲ್ಲಿ ತಮ್ಮ ಸಿಂಫನಿಯನ್ನು ಲಂಡನ್ನಿನಲ್ಲಿ ನುಡಿಸಿದುದನ್ನು ಎಂಬತ್ತೊಂದು ವರ್ಷದ ಪ್ರಾಯದಲ್ಲಿ ಕಂಡರು. ವಿರಾಮದಲ್ಲಿ ಹಾಳೆ ಹಿಡಿದು ಬೇಡಿದವನ ಮುಂದೆ ದೊಡ್ಡ ವಾದ್ಯವೃಂದವೇ ಬಂದು ಕುಳಿತಿತು. ಸಂತೋಷಪಡಬೇಕಾದ ವಿಷಯ, ಆದರೆ ಸಾವಿರಕ್ಕೊಬ್ಬರ ವಿಷಯ. ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿ ವಿರಾಮ ಮುಗಿದ ಮೇಲೆ ತಮ್ಮ ತಮ್ಮ ಪೀಠಕ್ಕೆ ಹಿಂದಿರುಗಿ ಮುಂದಿನ ಹಾಳೆಯನ್ನು ತಿರುವಿದವರು.

ನನ್ನ ಮಾವ ಹಾಗೆ ತಿರುವಿದವರು. ಈಗ ನನ್ನ ತಪ್ಪಿನ ಮಾತಿಗೆ ಬರುತ್ತೇನೆ.

‘ಗೀತಾ’ ಬಂದ ಮರುವರ್ಷ ನನ್ನ ತಂಗಿಗೆ ಒಂದು ಒಳ್ಳೆಯ ಸಂಬಂಧ ಕೂಡಿಬಂತು. ವರನ ಕಡೆಯವರು ಮಾತುಕತೆಗೆ ಬಂದರು. ತಂದೆ ಆಗಲೇ ಇರಲಿಲ್ಲವಾದುದರಿಂದ ಮಾತನಾಡುವ ಭಾರ ನನ್ನ ಮೇಲಿತ್ತು. ಸೋದರಮಾವನೆಂದು ಅವರೂ ಮದರಾಸಿನಿಂದ ಬಂದು ಕುಳಿತಿದ್ದರು. ಹಿರಿಯರೊಬ್ಬರು ನನ್ನನ್ನು ಕೇಳಿದರು: “ತಮ್ಮ ಮಾವನವರು ಮದರಾಸಿನಲ್ಲಿ ಏನು ಮಾಡಿಕೊಂಡಿದ್ದಾರೆ?” ನಾನು ಒಂದು ಕ್ಷಣವೂ ತಡೆಯದೆ, “ಅಲ್ಲಿ ಏನೋ ವ್ಯಾಪಾರ ಇಟ್ಟುಕೊಂಡಿದ್ದಾರೆ” ಎಂದೆ. ಸಿನಿಮಾದಲ್ಲಿ ವಾದ್ಯ ಬಾರಿಸುವವರ ಮನೆಯ ಹೆಣ್ಣೆಂದು ಸಂಬಂಧ ತಪ್ಪಿಹೋದೀತೆಂಬ ಭಯ. ಮಾವ ನನ್ನ ಕಡೆ ನೋಡಲಿಲ್ಲ. ಎಲೆಯಡಿಕೆಯ ತಟ್ಟೆಯನ್ನು ಹಿರಿಯರ ಕಡೆಗೆ ಸರಿಸಿದರು. ಮದುವೆಯಾಯಿತು. ಧಾರೆಯ ದಿನ ಸೋದರಮಾವನ ಕೆಲಸವನ್ನೆಲ್ಲ ಅವರು ಸಾಂಗವಾಗಿ ಮಾಡಿದರು. ಆಮೇಲೆ ಯುಗಾದಿಗೆ ಬಂದಾಗ ಕರಿಯ ಪೆಟ್ಟಿಗೆಯನ್ನು ತರಲಿಲ್ಲ. ಕೇಳಿದರೆ, “ಭಾರ, ರೈಲಿನಲ್ಲಿ ಕಷ್ಟ” ಎಂದರು. ಮತ್ತೆ ಎಂದೂ ತರಲಿಲ್ಲ.

ಸ್ಟುಡಿಯೋಗಳ ಕಾಲವೂ ಬೇಗನೆ ಬದಲಾಯಿತು. ಶಂಕರ್ ನಾಗ್ ಅವರ ಸಂಕೇತ್ ಸ್ಟುಡಿಯೋದಿಂದ ಬೆಂಗಳೂರಿನಲ್ಲಿಯೇ ಧ್ವನಿಮುದ್ರಣಕ್ಕೆ ಅನುಕೂಲವಾಯಿತು. ಅದು ನಾಡಿಗೆ ಹೆಮ್ಮೆಯ ಸಂಗತಿ, ಆದರೆ ಮದರಾಸಿನಲ್ಲಿ ಬೇರೂರಿದ್ದ ಕನ್ನಡದ ವಾದಕರಿಗೆ ಬೇರು ಕಿತ್ತಂತಾಯಿತು. ಒಬ್ಬೊಬ್ಬರ ನಾದವನ್ನು ಬೇರೆ ಬೇರೆಯಾಗಿ ಹಿಡಿದು ಕೂಡಿಸುವ ಯಂತ್ರ ಬಂದಿತು. ಹತ್ತು ವಾದ್ಯಗಳ ದನಿಯನ್ನು ಒಂದೇ ಕೀಲಿಮಣೆಯಿಂದ ಹೊರಡಿಸುವ ಸಿಂಥಸೈಜರು ಬಂದಿತು. ಅರುವತ್ತು ಮಂದಿ ಕೂರುತ್ತಿದ್ದಲ್ಲಿ ಆರು ಮಂದಿ ಸಾಕಾಯಿತು. ಮಾವ ಮಕ್ಕಳಿಗೆ ಗಿಟಾರಿನ ಪಾಠ ಹೇಳಿಕೊಡುತ್ತ ಉಳಿದ ದಿನಗಳನ್ನು ಕಳೆದರು. ಒಮ್ಮೆ ಅವರ ಮನೆಗೆ ಹೋದಾಗ, ರೇಡಿಯೋದಲ್ಲಿ ಒಂದು ಹಳೆಯ ಹಾಡು ಬರುತ್ತಿತ್ತು. “ಇದರಲ್ಲಿ ನೀವಿದ್ದೀರೋ, ಮಾವ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಕೇಳಿ, “ಎರಡನೆಯ ಚರಣಕ್ಕೆ ಮುಂಚೆ ನಾಲ್ಕು ಮಾತ್ರೆ. ಅಷ್ಟೇ” ಎಂದರು. ಆ ನಾಲ್ಕು ಮಾತ್ರೆ ಬಂದಾಗ ಅವರ ಎಡಗೈಯ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಮಡಿಚಿಕೊಂಡುವು. ಆ ಹಾಡನ್ನು ನಾನು ನೂರು ಸಲವಾದರೂ ಕೇಳಿದ್ದೆ. ಆ ಸ್ಥಳದಲ್ಲಿ ಗಿಟಾರಿದೆಯೆಂದು ಅಂದೇ ಮೊದಲು ತಿಳಿದದ್ದು. ಕ್ಷಮೆ ಕೇಳಬೇಕೆಂದುಕೊಂಡೆ; ಮಾತು ಬರಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು.

ಹುಡುಗರು ನಮಸ್ಕಾರ ಹೇಳಿ ಇಳಿದುಹೋದರು. ನಾನು ಮೇಲೆ ಹತ್ತಿ, ದೇವರ ದರ್ಶನ ಮಾಡಿ, ಅಶೋಕನ ಶಾಸನವಿರುವ ಬಂಡೆಯ ಬಳಿಗೆ ಹೋದೆನು. ಅದಕ್ಕೆ ನಮ್ಮವರು ಬಳೆಗಾರಗುಂಡು ಎನ್ನುತ್ತಾರೆ. ಜಾತ್ರೆಯ ಕಾಲದಲ್ಲಿ ಬಳೆಗಾರರು ಆ ಬಂಡೆಯ ಮೇಲೆ ಅಂಗಡಿ ಹೂಡುತ್ತಿದ್ದುದರಿಂದ ಆ ಹೆಸರು. ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಇದನ್ನೂ, ಸಮೀಪದ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳನ್ನೂ ಲೋಕಕ್ಕೆ ತೋರಿಸಿಕೊಡುವವರೆಗೆ, ಚಕ್ರವರ್ತಿಯ ಆಜ್ಞೆಯ ಮೇಲೆ ಬಳೆಯ ಮಲಾರಗಳು ಕುಳಿತಿರುತ್ತಿದ್ದುವು. ಅಕ್ಷರಗಳು ಬಹಳ ಸವೆದಿವೆ. ತಂದೆತಾಯಿಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕು, ಇದು ಪುರಾತನವಾದ ನಡೆ ಎಂಬುದು ಈ ಶಾಸನಗಳ ಒಂದು ಭಾಗದ ತಾತ್ಪರ್ಯ. ಸತ್ಯವನ್ನು ನುಡಿಯಬೇಕು, ಬಂಧುಗಳೊಡನೆ ತಕ್ಕಂತೆ ನಡೆಯಬೇಕು! ಎಲೆಯಡಿಕೆಯ ತಟ್ಟೆಯ ಮುಂದೆ ಕುಳಿತು ಈ ಎರಡನ್ನೂ ನಾನು ಒಂದೇ ವಾಕ್ಯದಲ್ಲಿ ಮುರಿದಿದ್ದೆನು. ಶಾಸನ ನಮ್ಮ ಊರಿನ ಬೆಟ್ಟದ ಮೇಲೆಯೇ ಇತ್ತು.

ಈ ಶಾಸನಗಳ ಕೊನೆಯ ಮಾತು ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಂಡಿತು. ಇವುಗಳನ್ನು ಬರೆದವನು ಚಪಡನೆಂಬವನು. ಬ್ರಹ್ಮಗಿರಿಯ ಬಂಡೆಯಲ್ಲಿ ಅವನ ಸಹಿ ಚೆನ್ನಾಗಿ ಉಳಿದಿದೆ. ಅವನು ಚಕ್ರವರ್ತಿಯಲ್ಲ, ಮಹಾಮಾತ್ರನಲ್ಲ. ಇನ್ನೊಬ್ಬರ ಮಾತನ್ನು ತನ್ನ ಕೈಯಿಂದ ಬರೆದುಕೊಟ್ಟವನು. ಚಪಡನು ಬರೆದನೆಂಬುದನ್ನು ಉಳಿದ ಶಾಸನದಂತೆಯೇ ಬ್ರಾಹ್ಮೀ ಲಿಪಿಯಲ್ಲಿ ಬರೆದಿದ್ದಾನೆ. ಆದರೆ ‘ಲಿಪಿಕಾರ’ ಎಂಬ ತನ್ನ ವೃತ್ತಿಯ ಮಾತನ್ನು ಬಲದಿಂದ ಎಡಕ್ಕೆ ಓಡುವ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಅದು ದೂರದ ವಾಯವ್ಯ ಗಡಿಯ, ಗಾಂಧಾರದ ಕಡೆಯ ಲಿಪಿ. ಈ ಸೀಮೆಯಲ್ಲಿ ಅದನ್ನು ಓದಬಲ್ಲವರು ಯಾರಿದ್ದರು? ಚಕ್ರವರ್ತಿಯ ಮಾತನ್ನೆಲ್ಲ ಜನರಿಗೆ ತಿಳಿಯುವ ಅಕ್ಷರದಲ್ಲಿ ಬರೆದು, ತನ್ನ ಕಸಬಿನ ಒಂದು ಮಾತನ್ನು ಮಾತ್ರ ತಾನು ಕಲಿತ ಅಕ್ಷರದಲ್ಲಿ ಬರೆದುಕೊಂಡನು. ಅದರಿಂದ ಯಾರಿಗೂ ಏನೂ ನಷ್ಟವಾಗಲಿಲ್ಲ. ಎರಡು ಸಾವಿರದ ಇನ್ನೂರು ವರ್ಷಗಳ ಮೇಲೆ ಆ ಮಾತೊಂದರಿಂದ ಅವನು ನಮಗೆ ಮನುಷ್ಯನಾಗಿ ಕಾಣುತ್ತಾನೆ.

ಬಿಸಿಲು ಇಳಿಯುವವರೆಗೆ ಅಲ್ಲಿ ಕುಳಿತಿದ್ದೆ. ಹೆಸರಿಗಾಗಿ ದುಡಿಯುವುದು ಸಣ್ಣತನವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ, ಸರಿಯಾದ ಮಾತೇ. ಇನ್ನೊಬ್ಬರ ಹಾಡಿಗೆ ನಾಲ್ಕು ಮಾತ್ರೆಯನ್ನು ತಪ್ಪಿಲ್ಲದೆ ನುಡಿಸಿ ಎದ್ದುಹೋಗುವುದರಲ್ಲಿ ಒಂದು ಘನತೆಯಿದೆ. ಮಾವನಲ್ಲಿ ಅದನ್ನು ನಾನು ಕಂಡಿದ್ದೇನೆ. ಆದರೆ ದುಡಿದವನು ಹೆಸರನ್ನು ಬೇಡದಿರುವುದು ಒಂದು, ಉಳಿದವರು ಅದನ್ನು ಮುಚ್ಚಿಡುವುದು ಇನ್ನೊಂದು. ಮೊದಲನೆಯದು ಅವನ ದೊಡ್ಡತನ, ಎರಡನೆಯದು ನಮ್ಮ ಸಾಲ. ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ೧೯೭೭ರಲ್ಲಿ ಶಹನಾಯಿ ನುಡಿಸಿದವರು ಬಿಸ್ಮಿಲ್ಲಾ ಖಾನರೆಂದು ನಾಡಿಗೆಲ್ಲ ಗೊತ್ತು, ಗೊತ್ತಿರಬೇಕಾದುದೇ. ಅವರ ಹಿಂದೆ ಕುಳಿತು ಶ್ರುತಿ ಹಿಡಿದವರು, ತಾಳ ಕೊಟ್ಟವರು, ತಂತಿ ಮೀಟಿದವರು ಯಾರು? ಆ ಹುಡುಗರಿಗೆ ನಾನು ಹಾಕಿದ ಪ್ರಶ್ನೆಯನ್ನು ಮೊದಲು ನನಗೆ ಹಾಕಿಕೊಳ್ಳಬೇಕಾಗಿತ್ತು. ರಾಮಾಯಣದಲ್ಲಿ ಜಟಾಯುವಿನ ಪಾಲು ಎಷ್ಟು? ತನ್ನದಲ್ಲದ ಕಥೆಯೊಳಗೆ ಬಂದು, ತನ್ನ ಭಾಗವನ್ನು ಪೂರೈಸಿ ಬಿದ್ದುಹೋದ ಪಕ್ಷಿ. ಆದರೆ ರಾಮನು ಅದನ್ನು ಹಾಗೆಯೇ ಬಿಟ್ಟುಹೋಗಲಿಲ್ಲ. ಮಗನಂತೆ ಕುಳಿತು ಸಂಸ್ಕಾರ ಮಾಡಿದನು.

ಮಾವ ಹೋದಮೇಲೆ ಅವರ ಕರಿಯ ಪೆಟ್ಟಿಗೆ ನಮ್ಮ ಮನೆಗೇ ಬಂದಿತ್ತು. ಅದರೊಳಗೆ ಗಿಟಾರಿನ ಜೊತೆಗೆ ಐದು ಗೆರೆಗಳ ಸ್ವರಲಿಪಿಯ ಹಾಳೆಗಳ ಒಂದು ಕಟ್ಟು. ಅದನ್ನು ಓದಬಲ್ಲವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ನಮ್ಮ ಪಾಲಿಗೆ ಅದು ಖರೋಷ್ಠಿಯೇ. ಬೆಟ್ಟದಿಂದ ಬಂದ ಮರುದಿನ ಅದನ್ನು ತೆರೆದು ಧೂಳು ಒರೆಸಿದೆ. ಗೋಡೆಯ ಮೇಲಿದ್ದ ಅವರ ಭಾವಚಿತ್ರವನ್ನು ಇಳಿಸಿದೆ. ಅದರ ಕೆಳಗೆ ಹೆಸರು, ಹುಟ್ಟಿದ ದಿನ, ತೀರಿದ ದಿನ ಮಾತ್ರ ಇದ್ದುವು. ಚೌಕಟ್ಟನ್ನು ಬಿಚ್ಚಿ, ಹೆಸರಿನ ಕೆಳಗೆ, ನನ್ನ ನಡುಗುವ ಕೈಯಿಂದ ಸಾಧ್ಯವಾದಷ್ಟು ದುಂಡಾಗಿ, ‘ಗಿಟಾರುವಾದಕರು’ ಎಂದು ಬರೆದೆ.

ಮರುವಾರ ತಂಗಿ ಮನೆಗೆ ಬಂದಿದ್ದಳು. ಚಿತ್ರವನ್ನು ಬಹಳ ಹೊತ್ತು ನೋಡಿದಳು. “ಈಗಲಾದರೂ ಬರೆದೆಯಲ್ಲ, ಅಣ್ಣ” ಎಂದಳು. ಆಮೇಲೆ, ಕಾಫಿಯ ಲೋಟವನ್ನು ಕೆಳಗಿಡುತ್ತ, ಏನೋ ಸಾಮಾನ್ಯ ವಿಷಯವೆಂಬಂತೆ ಹೇಳಿದಳು: “ನಮ್ಮ ಅತ್ತೆಯವರ ಮನೆಯವರಿಗೆ ಆಗಲೇ ಗೊತ್ತಿತ್ತು. ಸಿನಿಮಾದಲ್ಲಿ ನುಡಿಸುತ್ತಾರೆಂದು ಯಾರೋ ಹೇಳಿದ್ದರಂತೆ. ನಮ್ಮ ಮಾವನವರಿಗೆ ಅವರ ಕೈಯಿಂದ ಒಂದು ಹಾಡು ನುಡಿಸಿ ಕೇಳಬೇಕೆಂದು ಆಸೆಯಿತ್ತು. ನೀನು ವ್ಯಾಪಾರ ಎಂದೆಯಲ್ಲ, ಆಮೇಲೆ ಹೇಗೆ ಕೇಳುವುದೆಂದು ಸುಮ್ಮನಾದರು.”